ನಕ್ಷೆಯ ಬಣ್ಣವೂ ಪರೀಕ್ಷಾ ಪಟವೂ

ಕಳೆದ ವರ್ಷ ನಮ್ಮ ವಿಭಾಗದ ವಿಚಾರಗೋಷ್ಠಿಯೊಂದರಲ್ಲಿ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬನು ಪ್ರಬಂಧವನ್ನು ಓದುತ್ತ, ಹದಿನೈದನೆಯ ಶತಮಾನದ ಉದ್ದಕ್ಕೂ ರಾಯಚೂರು ದೋಆಬ್ ವಿಜಯನಗರದ ಅಧೀನದಲ್ಲಿಯೇ ಇದ್ದಿತೆಂದು ಹೇಳಿದನು. ಇದಕ್ಕೆ ಆಧಾರವೇನೆಂದು ಕೇಳಲಾಗಿ, ವಿಭಾಗವೇ ಮರುಮುದ್ರಣ ಮಾಡಿಸಿದ ನಕ್ಷೆಯನ್ನು ಬಿಡಿಸಿ ತೋರಿಸಿದನು. ನೋಡಿದರೆ ಅವನ ಮಾತು ನಿಜವಾಗಿತ್ತು. ಅಂದರೆ, ನಕ್ಷೆಯು ಹಾಗೆಯೇ ಹೇಳುತ್ತಿತ್ತು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಆ ಫಲವತ್ತಾದ ಸೀಮೆಯು ವಿಜಯನಗರದ ಕಾವಿ ಬಣ್ಣದಲ್ಲಿಯೇ, ಸ್ವಲ್ಪ ತೆಳುವಾಗಿ, ಸೇರಿಹೋಗಿತ್ತು.

ಮೂಲ ನಕ್ಷೆಯಲ್ಲಿ ಹೀಗಿರಲಿಲ್ಲ. ಹಲವು ದಶಕಗಳ ಹಿಂದೆ ಅಚ್ಚಾದ ಆ ಹಾಳೆಯಲ್ಲಿ ವಿಜಯನಗರಕ್ಕೆ ಕಾವಿ, ಬಹಮನಿ ರಾಜ್ಯಕ್ಕೆ ಹಸಿರು, ಎರಡೂ ರಾಜ್ಯಗಳು ಪದೇ ಪದೇ ಹೋರಾಡಿದ ದೋಆಬಿಗೆ ಗೋಧಿ ಬಣ್ಣ, ಹೀಗೆ ಮೂರು ಬೇರೆ ಬೇರೆ ಶಾಯಿಗಳನ್ನು ಬಳಸಲಾಗಿತ್ತು. ಹಳೆಯ ಪ್ರತಿಗಳು ಮಡಿಕೆಗಳಲ್ಲಿ ಹರಿದುಹೋಗಿದ್ದುದರಿಂದ ಹೊಸದಾಗಿ ಇನ್ನೂರು ಪ್ರತಿಗಳನ್ನು ತೆಗೆಸಿದೆವು. ಸಂಖ್ಯೆ ಕಡಿಮೆಯಾದುದರಿಂದ ಮೂರು ಶಾಯಿಗಳ ಮುದ್ರಣಕ್ಕೆ ಬದಲಾಗಿ ನಾಲ್ಕು ಮೂಲ ಶಾಯಿಗಳ ಡಿಜಿಟಲ್ ಯಂತ್ರದಲ್ಲಿ ಕೆಲಸವಾಯಿತು. ಗೋಧಿ ಬಣ್ಣವು ಆ ಯಂತ್ರದಲ್ಲಿ ಕೆಂಪಿನ ಕಡೆಗೆ ವಾಲಿತು. ಕಂಪ್ಯೂಟರಿನ ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಟ್ಟವರು ನಾವೇ; ಆದುದರಿಂದ ತಪ್ಪೂ ನಮ್ಮದೇ. ಕ್ರಿ. ಶ. ೧೩೪೭ರಲ್ಲಿ ಬಹಮನಿ ರಾಜ್ಯವು ಸ್ಥಾಪನೆಯಾದಂದಿನಿಂದ ೧೫೨೦ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ರಾಯಚೂರನ್ನು ಗೆದ್ದುಕೊಂಡವರೆಗಿನ, ಅದಕ್ಕೂ ಮುಂದಿನ, ದೀರ್ಘ ಕಲಹದ ಇತಿಹಾಸವೆಲ್ಲ ಶಾಯಿಯ ಒಂದು ಸಣ್ಣ ವ್ಯತ್ಯಾಸದಿಂದ ಅಳಿಸಿಹೋದಂತಾಯಿತು.

ಈ ತಪ್ಪನ್ನು ತಿದ್ದುವ ಪ್ರಯತ್ನದಲ್ಲಿ ನಾವು ಕಲಿತ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ. ಮುದ್ರಣಶಾಸ್ತ್ರವು ಲೇಖಕನ ವಿಷಯವಲ್ಲ. ಆದರೆ ನಕ್ಷೆ, ಹಸ್ತಪ್ರತಿಗಳ ಪ್ರತಿಚಿತ್ರ, ನಾಣ್ಯ ಮತ್ತು ಮಡಕೆ ಚೂರುಗಳ ಚಿತ್ರಫಲಕ ಮುಂತಾದುವನ್ನು ಅಚ್ಚು ಮಾಡಿಸುವ ಇತಿಹಾಸಕಾರನಿಗೆ ಈ ತಿಳಿವಳಿಕೆಯು ಅವಶ್ಯವೆಂದು ತೋರಿದುದರಿಂದ ಇಲ್ಲಿ ಬರೆಯಲಾಗಿದೆ.

೧. ಬಿಡಿ ಬಣ್ಣವೆಂದರೇನು?

ಮುದ್ರಣದಲ್ಲಿ ಬಣ್ಣವನ್ನು ಪಡೆಯುವ ಬಗೆಗಳು ಮುಖ್ಯವಾಗಿ ಎರಡು. ಬೇಕಾದ ಬಣ್ಣವನ್ನು ಮೊದಲೇ ಶಾಯಿಯಾಗಿ ಕಲಸಿಕೊಂಡು, ಆ ಶಾಯಿಗೆಂದೇ ಒಂದು ಪ್ಲೇಟನ್ನು ಮಾಡಿ ಅಚ್ಚು ಹಾಕುವುದು ಒಂದು ಬಗೆ. ಮುದ್ರಣಾಲಯದವರು ಇದನ್ನು 'ಸ್ಪಾಟ್ ಕಲರ್' ಎನ್ನುತ್ತಾರೆ. ನಾವು ಬಿಡಿ ಬಣ್ಣವೆನ್ನೋಣ. ಸಯಾನ್ ಎಂಬ ನೀಲಿ, ಮಜೆಂಟಾ ಎಂಬ ಕೆನ್ನೇರಳೆ, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳ ಸಣ್ಣ ಸಣ್ಣ ಚುಕ್ಕೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕಾಗದದ ಮೇಲೆ ಕೂಡಿಸಿ, ಕಣ್ಣಿಗೆ ಬೇರೊಂದು ಬಣ್ಣವಾಗಿ ಕಾಣುವಂತೆ ಮಾಡುವುದು ಎರಡನೆಯ ಬಗೆ. ಮೊದಲನೆಯದರಲ್ಲಿ ಬಣ್ಣವು ಡಬ್ಬಿಯೊಳಗೇ ಸಿದ್ಧವಾಗಿರುತ್ತದೆ. ಎರಡನೆಯದರಲ್ಲಿ ಅದು ಕಾಗದದ ಮೇಲೆ, ಚುಕ್ಕೆಗಳ ಸಂಯೋಗದಿಂದ, ಹುಟ್ಟಬೇಕು.

ನಕ್ಷೆಗಳಿಗೂ ಬಿಡಿ ಬಣ್ಣಕ್ಕೂ ಹಳೆಯ ಸಂಬಂಧ. ಸರ್ವೆ ಆಫ್ ಇಂಡಿಯಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳನ್ನು ಬಳಸಿದವರಿಗೆ ಅವುಗಳ ಬಣ್ಣಗಳ ಪರಿಚಯವುಂಟು: ನೀರಿಗೆ ನೀಲಿ, ಎತ್ತರದ ಗೆರೆಗಳಿಗೆ ಕಂದು, ಕಾಡಿಗೆ ಹಸಿರು, ಸಾಗುವಳಿಯ ನೆಲಕ್ಕೆ ಹಳದಿ, ರಸ್ತೆ ಮತ್ತು ಊರುಗಳಿಗೆ ಕೆಂಪು, ಅಕ್ಷರಗಳಿಗೆ ಕಪ್ಪು. ಇಲ್ಲಿ ಬಣ್ಣವೆಂಬುದು ಅಲಂಕಾರವಲ್ಲ, ಅದೊಂದು ಭಾಷೆ. ಕಂದು ಗೆರೆಯು ನೀಲಿಯಾಗಿ ಅಚ್ಚಾದರೆ ಬೆಟ್ಟದ ಪಕ್ಕೆಯು ಹೊಳೆಯಾಗಿಬಿಡುತ್ತದೆ. ಕಲ್ಲಚ್ಚಿನ ಕಾಲದಲ್ಲಿಯೂ ಇದೇ ಕ್ರಮವಿತ್ತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಬಂದು ನಮ್ಮ ಅನೇಕ ಮನೆಗಳ ಗೋಡೆಗಳನ್ನು ಸೇರಿದ ದೇವದೇವತೆಯರ ಪಟಗಳೂ ಹೀಗೆ ಕಲ್ಲಿನ ಮೇಲೆ ಕಲ್ಲನ್ನು ಒತ್ತಿ ತೆಗೆದುವೇ. ಆ ಕೆಲಸಗಾರರು ಪ್ರತಿಯೊಂದು ಬಣ್ಣವು ಕೂಡಿದಾಗಲೂ ಒಂದು ಹಾಳೆಯನ್ನು ತೆಗೆದಿಟ್ಟುಕೊಂಡು, ಮುಂದಿನದನ್ನು ಅದರೊಡನೆ ಹೋಲಿಸಿ ನೋಡುತ್ತಿದ್ದರು. ಅಚ್ಚು ಹಾಕಿ ನೋಡಿ ತಿದ್ದುವ ಅಭ್ಯಾಸವು ಈ ಕಸುಬಿನೊಡನೆಯೇ ಬಂದುದು.

೨. ಹೆಸರು ಸಾಲದು, ಸಂಖ್ಯೆಯೂ ಸಾಲದು

'ಗೋಧಿ ಬಣ್ಣ' ಎಂದು ಬರೆದುಕೊಟ್ಟರೆ ಹತ್ತು ಮಂದಿ ಹತ್ತು ಬಣ್ಣಗಳನ್ನು ಕಲಸುವರು. ಈ ತೊಡಕನ್ನು ವಿಜ್ಞಾನಿಗಳು ಬಹುಕಾಲದ ಹಿಂದೆಯೇ ಕಂಡಿದ್ದರು. ಎಡಿನ್‌ಬರೋ ನಗರದ ಹೂಚಿತ್ರಗಾರ ಪ್ಯಾಟ್ರಿಕ್ ಸೈಮ್ ಎಂಬುವನು ಜರ್ಮನಿಯ ಖನಿಜಶಾಸ್ತ್ರಜ್ಞ ವರ್ನರನ ಬಣ್ಣದ ಹೆಸರುಗಳನ್ನು ಆಧರಿಸಿ ೧೮೧೪ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ೧೮೨೧ರ ಎರಡನೆಯ ಆವೃತ್ತಿಯಲ್ಲಿ ೧೧೦ ಬಣ್ಣಗಳಿದ್ದುವು. ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಕೈಯಿಂದ ಬಣ್ಣ ಹಾಕಿದ ಒಂದು ತುಣುಕು. ಚಾರ್ಲ್ಸ್ ಡಾರ್ವಿನ್ 'ಬೀಗಲ್' ಹಡಗಿನ ಯಾತ್ರೆಯಲ್ಲಿ ಈ ಪುಸ್ತಕವನ್ನು ಜೊತೆಗಿಟ್ಟುಕೊಂಡಿದ್ದನು. ಪಕ್ಷಿಶಾಸ್ತ್ರಜ್ಞ ರಾಬರ್ಟ್ ರಿಡ್ಜ್‌ವೇ ೧೯೧೨ರಲ್ಲಿ ಹೊರತಂದ ಗ್ರಂಥದಲ್ಲಿ ೧,೧೧೫ ಬಣ್ಣಗಳಿಗೆ ಹೆಸರು ದೊರೆಯಿತು. ಹೆಸರುಗಳು ಹೆಚ್ಚಿದಷ್ಟೂ ನೆನಪಿಗೆ ನಿಲ್ಲುವುದು ಕಷ್ಟವಾಯಿತು.

ಹೆಸರಿಗೆ ಬದಲಾಗಿ ಅಳತೆಯನ್ನು ಕೊಡಬೇಕೆಂದವನು ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್. ಆತನು ೧೯೦೫ರಲ್ಲಿ ಬಣ್ಣಕ್ಕೆ ಮೂರು ಗುಣಗಳನ್ನು ಗೊತ್ತುಪಡಿಸಿದನು: ಯಾವ ವರ್ಣ, ಎಷ್ಟು ಬೆಳಕು, ಎಷ್ಟು ಗಾಢ. ಈತನ ಕ್ರಮವನ್ನು ಅನುಸರಿಸಿದ ಮಣ್ಣಿನ ಬಣ್ಣದ ಪುಸ್ತಕವನ್ನು ಉತ್ಖನನದ ಗುಂಡಿಗಳಲ್ಲಿ ಪದರಪದರದ ಮಣ್ಣಿಗೆ ಹಿಡಿದು ನೋಡುವ ಅಭ್ಯಾಸವು ನಮ್ಮ ಪುರಾತತ್ತ್ವ ಮಿತ್ರರಿಗೆ ಸುಪರಿಚಿತ. ೧೯೩೧ರಲ್ಲಿ ಬೆಳಕಿನ ಅಂತಾರಾಷ್ಟ್ರೀಯ ಆಯೋಗವು ಬಣ್ಣವನ್ನು ಅಂಕಿಗಳಲ್ಲಿ ಹೇಳುವ ಕ್ರಮವನ್ನು ನಿಗದಿ ಮಾಡಿತು. ಸ್ವತಂತ್ರ ಭಾರತದಲ್ಲಿ ಇದರ ಪ್ರಸಿದ್ಧ ಉದಾಹರಣೆಯೆಂದರೆ ರಾಷ್ಟ್ರಧ್ವಜ. ಭಾರತೀಯ ಮಾನಕ ಸಂಸ್ಥೆಯು ೧೯೫೧ರಲ್ಲಿ ಹೊರಡಿಸಿದ ಮೊತ್ತಮೊದಲ ಮಾನಕವು ಧ್ವಜದ್ದೇ. 'ಕೇಸರಿ' ಎಂಬ ಹೆಸರಿನೊಡನೆ ನಿಲ್ಲದೆ ಬಣ್ಣಗಳನ್ನು ಅಂಕಿಗಳಿಂದಲೂ ಅದು ಗೊತ್ತುಪಡಿಸಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜದ ಖಾದಿಗೆ ಬಣ್ಣ ಹಾಕುವವರು ಇಂತಹ ಮಾನಕಕ್ಕೆ ಹೊಂದಿಕೊಂಡೇ ಕೆಲಸ ಮಾಡಬೇಕಾಗುತ್ತದೆ.

ಮುದ್ರಣದ ಬಿಡಿ ಬಣ್ಣಗಳಿಗೆ ಇಂತಹ ವ್ಯವಸ್ಥೆಯನ್ನು ೧೯೬೩ರಲ್ಲಿ ಅಮೆರಿಕದ ಪ್ಯಾಂಟೋನ್ ಸಂಸ್ಥೆಯ ಲಾರೆನ್ಸ್ ಹರ್ಬರ್ಟ್ ತಂದನು. ಕೆಲವೇ ಮೂಲ ಶಾಯಿಗಳನ್ನು ಇಂತಿಷ್ಟು ತೂಕದಲ್ಲಿ ಬೆರೆಸಿ ಪಡೆದ ಬಣ್ಣಗಳಿಗೆ ಒಂದೊಂದು ಸಂಖ್ಯೆಯನ್ನಿಟ್ಟು, ಬೀಸಣಿಗೆಯಂತೆ ಬಿಚ್ಚುವ ಪಟ್ಟಿಗಳಲ್ಲಿ ಅವನ್ನು ಅಚ್ಚು ಮಾಡಲಾಯಿತು. ಆದರೆ ಅದೇ ಬೀಸಣಿಗೆಯೇ ಸಂಖ್ಯೆಯ ಮಿತಿಯನ್ನೂ ತೋರಿಸುತ್ತದೆ. ನುಣುಪಾದ ಆರ್ಟ್ ಕಾಗದಕ್ಕೆ ಒಂದು, ನುಣುಪಿಲ್ಲದ ಕಾಗದಕ್ಕೆ ಇನ್ನೊಂದು ಎಂದು ಎರಡು ಬೇರೆ ಬೀಸಣಿಗೆಗಳಿವೆ. ಒಂದೇ ಸಂಖ್ಯೆಯ ಒಂದೇ ಶಾಯಿಯು ಈ ಎರಡರಲ್ಲಿ ಎರಡು ಬಣ್ಣವಾಗಿ ಕಾಣುತ್ತದೆ. ಬಣ್ಣವು ಶಾಯಿಯಲ್ಲಿ ಮಾತ್ರ ಇರುವುದಿಲ್ಲ. ಕಾಗದದಲ್ಲಿ, ಯಂತ್ರದಲ್ಲಿ, ನೋಡುವ ಬೆಳಕಿನಲ್ಲಿ ಹಂಚಿಕೊಂಡಿರುತ್ತದೆ.

೩. ಯಂತ್ರವು ಎಲ್ಲಿ ತಪ್ಪುತ್ತದೆ?

ನಾಲ್ಕು ಶಾಯಿಗಳ ಯಂತ್ರವು ಬಿಡಿ ಬಣ್ಣವನ್ನು ಅನುಕರಿಸಬೇಕಾದಾಗ, ಅದರ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕವಿರುತ್ತದೆ. ಇಂತಹ ಹೆಸರಿನ ಬಣ್ಣಕ್ಕೆ ನಾಲ್ಕು ಶಾಯಿಗಳನ್ನು ಶೇಕಡ ಇಷ್ಟಿಷ್ಟು ಹಾಕಬೇಕೆಂದು ಅದರಲ್ಲಿ ಬರೆದಿರುತ್ತದೆ. ಈ ಪಾಕವನ್ನು ಯಾವುದೋ ಒಂದು ಕಾಗದವನ್ನು, ಯಾವುದೋ ಒಂದು ಸ್ಥಿತಿಯಲ್ಲಿರುವ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ನಮ್ಮ ನಕ್ಷೆಯು ಅಚ್ಚಾದುದು ಮ್ಯಾಪ್‌ಲಿಥೋ ಕಾಗದದ ಮೇಲೆ. ಅದು ಶಾಯಿಯನ್ನು ಹೀರುತ್ತದೆ, ಚುಕ್ಕೆಗಳು ಹರಡಿಕೊಳ್ಳುತ್ತವೆ, ತೆಳು ಬಣ್ಣಗಳು ಉದ್ದೇಶಿಸಿದುದಕ್ಕಿಂತ ಗಾಢವಾಗಿಯೂ ಮಬ್ಬಾಗಿಯೂ ಕಾಣುತ್ತವೆ. ಮೇಲಾಗಿ ಇಂದಿನ ಬಿಳಿಯ ಕಾಗದಗಳಲ್ಲಿ ಹೊಳಪಿಗಾಗಿ ಸೇರಿಸಿದ ರಾಸಾಯನಿಕಗಳು ಹಗಲಿನ ಬೆಳಕಿನಲ್ಲಿ ನಸುನೀಲಿಯ ಛಾಯೆಯನ್ನು ಕೊಡುತ್ತವೆ. ಪರದೆಯಂತೂ ಸ್ವತಃ ಬೆಳಕನ್ನು ಸೂಸುವ ವಸ್ತು. ಬೆಳಕನ್ನು ಹಿಂದಿರುಗಿಸುವ ಕಾಗದಕ್ಕೆ ಅದು ಸಾಕ್ಷಿಯಾಗಲಾರದು.

ಹೀಗಿರಲು ಕೋಷ್ಟಕದ ಪಾಕವನ್ನು ನಮ್ಮ ಕಾಗದಕ್ಕೆ, ನಮ್ಮ ಯಂತ್ರಕ್ಕೆ ತಕ್ಕಂತೆ ತಿದ್ದಬೇಕು. ಒಂದೊಂದೇ ಬಾರಿ ಊಹಿಸಿ ಅಚ್ಚು ಹಾಕುತ್ತ ಹೋದರೆ ಕಾಗದವೂ ಹಣವೂ ವ್ಯರ್ಥ. ಅದಕ್ಕೆ ಬದಲಾಗಿ, ಇರುವ ಪಾಕವನ್ನು ನಡುವೆ ಇಟ್ಟು ಅದರ ನೆರೆಹೊರೆಯ ಪಾಕಗಳನ್ನೆಲ್ಲ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ, ಅವುಗಳಲ್ಲಿ ಮಾದರಿಗೆ ಅತಿ ಸಮೀಪವಾದುದನ್ನು ಆರಿಸಿಕೊಳ್ಳುವುದು ಜಾಣತನ. ಈ ಹಾಳೆಯೇ ಪರೀಕ್ಷಾ ಪಟ.

೪. ಪಟವನ್ನು ಮಾಡುವ ಬಗೆ

ಮೊದಲು ಮಾದರಿ ಯಾವುದೆಂಬುದು ನಿಶ್ಚಯವಾಗಬೇಕು. ನಮ್ಮ ಮುಂದಿದ್ದುದು ಹಳೆಯ ಹಾಳೆ. ಆದರೆ ಅದರ ಮೇಲ್ಮೈಯು ಬೆಳಕಿಗೆ ಸಿಕ್ಕಿ ಮಾಸಿತ್ತು. ಮಾಸಿದ ಬಣ್ಣವನ್ನೇ ನಕಲು ಮಾಡಿದರೆ ನಾವು ನಕ್ಷೆಯನ್ನಲ್ಲ, ಅದರ ಮುಪ್ಪನ್ನು ಮುದ್ರಿಸಿದಂತಾಗುತ್ತಿತ್ತು. ಬಹುಕಾಲ ಮಡಿಸಿಯೇ ಇದ್ದ ಒಂದು ಪ್ರತಿಯು ದೊರೆತು, ಅದರ ಒಳಮಡಿಕೆಯಲ್ಲಿ ಬೆಳಕು ತಾಗದ ಒಂದು ಭಾಗವು ಸಿಕ್ಕಿತು. ಅದನ್ನೇ ಮಾದರಿಯೆಂದು ಇಟ್ಟುಕೊಂಡೆವು. ಶಾಸನದ ಪಾಠವನ್ನು ಗೊತ್ತುಮಾಡುವಾಗ ಸವೆಯದ ಅಕ್ಷರವನ್ನು ಹುಡುಕುವ ರೀತಿಯೇ ಇದು.

ಗೋಧಿ ಬಣ್ಣಕ್ಕೆ ಯಂತ್ರದಲ್ಲಿದ್ದ ಪಾಕವು ಹೀಗಿತ್ತು: ಸಯಾನ್ ೫, ಮಜೆಂಟಾ ೩೦, ಹಳದಿ ೬೦, ಕಪ್ಪು ೫. ನಾಲ್ಕು ಶಾಯಿಗಳನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಆದುದರಿಂದ ಮೊದಲು ಎರಡನ್ನೇ ತೆಗೆದುಕೊಂಡೆವು. ಐದು ಸಾಲು, ಐದು ಕಂಬ, ಒಟ್ಟು ೨೫ ಮನೆಗಳು. ಎಡದಿಂದ ಬಲಕ್ಕೆ ಮಜೆಂಟಾ ೨೨, ೨೬, ೩೦, ೩೪, ೩೮. ಮೇಲಿನಿಂದ ಕೆಳಕ್ಕೆ ಹಳದಿ ೪೮, ೫೪, ೬೦, ೬೬, ೭೨. ನಡುವಣ ಮನೆಯೇ ಇದ್ದ ಪಾಕ. ಹಳದಿಯ ಹೆಜ್ಜೆಯನ್ನು ಹೆಚ್ಚು ಅಗಲವಾಗಿಟ್ಟುದಕ್ಕೆ ಕಾರಣವುಂಟು: ಹಳದಿ ಶಾಯಿಯ ಅಲ್ಪ ವ್ಯತ್ಯಾಸವನ್ನು ಕಣ್ಣು ಗುರುತಿಸುವುದು ಕಷ್ಟ, ಮಜೆಂಟಾದ ವ್ಯತ್ಯಾಸವು ಬೇಗ ಕಾಣುತ್ತದೆ.

ಪ್ರತಿ ಮನೆಯ ಕೆಳಗೂ ಅದರ ಅಂಕಿಗಳನ್ನು ಅಚ್ಚು ಹಾಕಿರಬೇಕು. ನಡುವಣ ಪಾಕವನ್ನು ಹಾಳೆಯ ನಾಲ್ಕು ಮೂಲೆಗಳಲ್ಲಿಯೂ ಮತ್ತೊಮ್ಮೆ ಇಡಬೇಕು. ಆ ನಾಲ್ಕೂ ಒಂದೇ ತೆರನಾಗಿ ಕಾಣದಿದ್ದರೆ ಯಂತ್ರವೇ ಹಾಳೆಯ ಉದ್ದಗಲಕ್ಕೆ ಸಮನಾಗಿ ಶಾಯಿಯನ್ನು ಕೊಡುತ್ತಿಲ್ಲವೆಂದು ತಿಳಿಯಬೇಕು. ಯಂತ್ರವನ್ನು ಸರಿಪಡಿಸದೆ ಮುಂದುವರಿಯುವುದು ನಿಷ್ಪ್ರಯೋಜಕ. ಪಟವನ್ನು ಕೊನೆಗೆ ನಕ್ಷೆಯು ಅಚ್ಚಾಗುವ ಕಾಗದದ ಮೇಲೆಯೇ ತೆಗೆಯಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.

ನಮ್ಮ ಮೊದಲ ಪಟದಲ್ಲಿ ಮಾದರಿಗೆ ಸಮೀಪವಾಗಿ ಕಂಡುದು ಮಜೆಂಟಾ ೨೨, ಹಳದಿ ೬೬ ಇದ್ದ ಮನೆ. ಅದು ಪಟದ ಎಡ ಅಂಚಿನಲ್ಲಿತ್ತು. ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು. ಅಂಚಿನ ಮನೆಯು ಗೆದ್ದಾಗ ಅದನ್ನು ಉತ್ತರವೆಂದು ಸ್ವೀಕರಿಸಬಾರದು. ಅದರಾಚೆಗೆ ಇನ್ನೂ ಒಳ್ಳೆಯದು ಇರಬಹುದು. ಆದುದರಿಂದ ಆ ಮನೆಯನ್ನೇ ನಡುವೆ ಇಟ್ಟು, ಹೆಜ್ಜೆಗಳನ್ನು ಅರ್ಧಕ್ಕಿಳಿಸಿ ಎರಡನೆಯ ಪಟವನ್ನು ತೆಗೆದೆವು: ಮಜೆಂಟಾ ೧೮ರಿಂದ ೨೬ರವರೆಗೆ ಎರಡೆರಡರಂತೆ, ಹಳದಿ ೬೦ರಿಂದ ೭೨ರವರೆಗೆ ಮೂರುಮೂರರಂತೆ. ಈ ಸಲ ಮಜೆಂಟಾ ೨೦, ಹಳದಿ ೬೬ ಹೊಂದಿತು. ಸುತ್ತಲೂ ನೆರೆಯ ಮನೆಗಳಿದ್ದುವು. ಕೊನೆಗೆ ಕಪ್ಪನ್ನು ಮಾತ್ರ ೧, ೩, ೫, ೭, ೯ ಎಂದು ಬದಲಿಸಿ ಒಂದೇ ಸಾಲಿನ ಪಟವನ್ನು ತೆಗೆಯಲಾಗಿ ೩ ಸರಿಯೆನಿಸಿತು. ಚುಕ್ಕೆಗಳು ಹರಡುವ ಕಾಗದದಲ್ಲಿ ಕಪ್ಪು ಸ್ವಲ್ಪ ಕಡಿಮೆ ಸಾಕಾದುದು ನಿರೀಕ್ಷಿತವೇ. ಸಯಾನನ್ನು ಮುಟ್ಟಬೇಕಾಗಲಿಲ್ಲ. ಮೂರು ಹಾಳೆಗಳಲ್ಲಿ ಕೆಲಸವು ಮುಗಿಯಿತು. ನೆರೆಯ ಎರಡು ಮನೆಗಳ ನಡುವೆ ಕಣ್ಣಿಗೆ ವ್ಯತ್ಯಾಸವೇ ತೋರದಾದಾಗ ಇನ್ನೂ ಸಣ್ಣ ಹೆಜ್ಜೆಗಳನ್ನಿಡುವುದರಿಂದ ಲಾಭವಿಲ್ಲ, ಅಲ್ಲಿಗೆ ನಿಲ್ಲಿಸಬೇಕು.

೫. ಪಟವನ್ನು ನೋಡುವ ಬಗೆ

ಪಟವನ್ನು ಮಾಡುವುದಕ್ಕಿಂತಲೂ ನೋಡುವುದು ಹೆಚ್ಚು ಎಚ್ಚರಿಕೆಯ ಕೆಲಸ. ಶಾಯಿಯು ಪೂರ್ತಿಯಾಗಿ ಒಣಗುವ ಮೊದಲು ತೀರ್ಪು ಕೊಡಬಾರದು. ಒಣಗಿದ ಮೇಲೆ ಬಣ್ಣದ ಹೊಳಪೂ ಗಾಢತೆಯೂ ಬದಲಾಗಬಹುದು. ಅವಸರದಲ್ಲಿ ಆರಿಸಿದ ಮನೆಯನ್ನು ಮರುದಿನ ಬೆಳಿಗ್ಗೆ ನೋಡಿ ಬೇರೆ ಮನೆಯನ್ನು ಗುರುತು ಹಾಕಿದ ಅನುಭವ ನಮಗಾಯಿತು.

ಎರಡನೆಯದು ಬೆಳಕು. ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು, ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದುಂಟು. ಸೀರೆಯ ಅಂಗಡಿಯಲ್ಲಿ ದೀಪದ ಕೆಳಗೆ ಹೊಂದಿದ ರವಿಕೆಯ ಬಟ್ಟೆಯು ಬೀದಿಗೆ ಬಂದೊಡನೆ ಹೊಂದದೆ ಹೋಗುವುದು ಎಲ್ಲರ ಅನುಭವ. ಹಳೆಯ ನಕ್ಷೆಯ ಗೋಧಿ ಬಣ್ಣವು ಒಂದೇ ಶಾಯಿಯದು, ಹೊಸದು ನಾಲ್ಕು ಶಾಯಿಗಳ ಕೂಟ. ಆದುದರಿಂದ ಈ ಅಪಾಯವು ಇಲ್ಲಿ ಹೆಚ್ಚು. ಮುದ್ರಣ ಕ್ಷೇತ್ರದಲ್ಲಿ ಇದಕ್ಕಾಗಿ ಡಿ ೫೦ ಎಂಬ ಗೊತ್ತಾದ ಬೆಳಕನ್ನು ಮಾನಕವಾಗಿಟ್ಟುಕೊಂಡಿದ್ದಾರೆ. ಅಂತಹ ದೀಪವಿಲ್ಲದೆಡೆ ನೇರ ಬಿಸಿಲು ಬೀಳದ, ಉತ್ತರಕ್ಕೆ ತೆರೆದ ಕಿಟಕಿಯ ಬಳಿ ಹಗಲಿನಲ್ಲಿ ನೋಡಿ, ಅನಂತರ ನಕ್ಷೆಯನ್ನು ತೂಗುಹಾಕುವ ತರಗತಿಯ ಕೊಠಡಿಯ ದೀಪದಲ್ಲಿಯೂ ಒಮ್ಮೆ ನೋಡುವುದು ಒಳ್ಳೆಯದು.

ಮೂರನೆಯದು ನೆರೆಯ ಬಣ್ಣದ ಪ್ರಭಾವ. ಪ್ಯಾರಿಸಿನ ಗೋಬೆಲಿನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮೇಲ್ವಿಚಾರಕನಾಗಿದ್ದ ಷೆವ್ರೇಲ್ ಎಂಬ ರಸಾಯನಶಾಸ್ತ್ರಜ್ಞನು, ಬಣ್ಣಗಳು ಪಕ್ಕಪಕ್ಕದಲ್ಲಿದ್ದಾಗ ಒಂದರ ತೋರಿಕೆಯನ್ನು ಇನ್ನೊಂದು ಬದಲಿಸುವುದೆಂದು ೧೮೩೯ರ ತನ್ನ ಗ್ರಂಥದಲ್ಲಿ ವಿವರಿಸಿದನು. ಪಟದಲ್ಲಿ ಒಂದು ಮನೆಯ ಸುತ್ತ ಎಂಟು ಮನೆಗಳಿರುವುದರಿಂದ ಕಣ್ಣು ಮೋಸಹೋಗುವುದು ಸುಲಭ. ಬೂದು ಬಣ್ಣದ ದಪ್ಪ ಕಾಗದದಲ್ಲಿ ಒಂದೇ ಅಳತೆಯ ಎರಡು ಕಿಂಡಿಗಳನ್ನು ಕೊರೆದು, ಒಂದರಲ್ಲಿ ಮಾದರಿಯೂ ಇನ್ನೊಂದರಲ್ಲಿ ಪಟದ ಒಂದೇ ಮನೆಯೂ ಕಾಣುವಂತೆ ಇಟ್ಟು ಹೋಲಿಸಬೇಕು. ಬಹುಹೊತ್ತು ದಿಟ್ಟಿಸದೆ, ನಡುನಡುವೆ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಇಬ್ಬರು ಬೇರೆ ಬೇರೆಯಾಗಿ ಆರಿಸಿ, ಆಮೇಲೆ ತಾಳೆ ನೋಡಿದರೆ ಇನ್ನೂ ಲೇಸು.

ಬಣ್ಣವನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣವಿದ್ದರೆ ಕೆಲಸವು ಹಗುರವಾಗುತ್ತದೆ. ಮಾದರಿಗೂ ಮನೆಗೂ ಇರುವ ದೂರವನ್ನು ಅದು ಒಂದು ಅಂಕಿಯಲ್ಲಿ ಹೇಳುತ್ತದೆ. ಆದರೆ ಆ ಅಂಕಿಯೇ ಕೊನೆಯ ಮಾತಲ್ಲ. ೧೯೪೨ರಲ್ಲಿ ಮ್ಯಾಕ್ ಆಡಮ್ ಎಂಬ ವಿಜ್ಞಾನಿಯು, ಒಬ್ಬನೇ ವೀಕ್ಷಕನು ಒಂದೇ ಬಣ್ಣವನ್ನು ಮತ್ತೆ ಮತ್ತೆ ಹೊಂದಿಸುವಾಗ ಎಷ್ಟು ತಪ್ಪುವನೆಂದು ಅಳೆದು, ಆ ತಪ್ಪಿನ ವ್ಯಾಪ್ತಿಯು ಎಲ್ಲ ಬಣ್ಣಗಳಲ್ಲಿಯೂ ಸಮನಾಗಿರುವುದಿಲ್ಲವೆಂದು ತೋರಿಸಿದನು. ಅದನ್ನು ಸರಿದೂಗಿಸಲು ಮುಂದೆ ೧೯೭೬ರಲ್ಲಿಯೂ ಅನಂತರವೂ ಹೊಸ ಸೂತ್ರಗಳು ಬಂದುವು. ಉಪಕರಣವು ದಾರಿ ತೋರಿಸಲಿ. ನಕ್ಷೆಯನ್ನು ಓದುವುದು ಕಣ್ಣು, ಆದುದರಿಂದ ಒಪ್ಪಿಗೆಯೂ ಕಣ್ಣಿನದಾಗಿರಲಿ.

೬. ಪಟದ ಮಿತಿ

ಎಲ್ಲ ಬಿಡಿ ಬಣ್ಣಗಳನ್ನೂ ನಾಲ್ಕು ಶಾಯಿಗಳಿಂದ ಪಡೆಯಲು ಸಾಧ್ಯವಿಲ್ಲ. ಉಜ್ವಲವಾದ ಕಿತ್ತಳೆ, ಕೆಲವು ಗಾಢ ನೀಲಿಗಳು, ಚಿನ್ನ ಬೆಳ್ಳಿಗಳ ಶಾಯಿ ಇವು ಆ ವ್ಯಾಪ್ತಿಯ ಹೊರಗಿವೆ. ಪಟವು ಇದನ್ನೂ ಪ್ರಾಮಾಣಿಕವಾಗಿ ತಿಳಿಸುತ್ತದೆ. ಶಾಯಿಯನ್ನು ಹೆಚ್ಚಿಸುತ್ತ ಹೋದರೂ ಮಾದರಿಗೆ ಹತ್ತಿರವಾಗದೆ ಬಣ್ಣವು ಮಬ್ಬಾಗುತ್ತ ಹೋದರೆ, ಅಲ್ಲಿಗೆ ಯಂತ್ರದ ಶಕ್ತಿಯು ಮುಗಿಯಿತೆಂದೇ ಅರ್ಥ. ಆಗ ಆ ಬಣ್ಣಕ್ಕೆ ಬೇರೆ ಶಾಯಿಯನ್ನೇ ಕಲಸಿಸಬೇಕು, ಇಲ್ಲವೆ ಇರುವುದರಲ್ಲಿ ಸಮೀಪವಾದುದಕ್ಕೆ ಒಪ್ಪಿಕೊಳ್ಳಬೇಕು.

ನಕ್ಷೆಯ ವಿಷಯದಲ್ಲಿ ಇನ್ನೂ ಒಂದು ಮಾತುಂಟು. ಮಾದರಿಗೆ ಹೊಂದುವುದು ಎಷ್ಟು ಮುಖ್ಯವೋ, ನೆರೆಯ ಬಣ್ಣಗಳಿಂದ ಬೇರೆಯಾಗಿ ಕಾಣುವುದು ಅದಕ್ಕಿಂತಲೂ ಮುಖ್ಯ. ನಮ್ಮ ಕೊನೆಯ ಹಾಳೆಯಲ್ಲಿ ಗೋಧಿ, ಕಾವಿ, ಹಸಿರು ಮೂರನ್ನೂ ಒಂದಕ್ಕೊಂದು ತಾಗಿಸಿ ಅಚ್ಚು ಹಾಕಿ ನೋಡಿದೆವು. ಜೊತೆಗೆ ದೋಆಬಿನ ಮೇಲೆ ತೆಳುವಾದ ಓರೆಗೆರೆಗಳನ್ನೂ ಹಾಕಿಸಿದೆವು. ಕೆಂಪು ಹಸಿರುಗಳನ್ನು ಬೇರ್ಪಡಿಸಲಾರದ ಕಣ್ಣಿನವರೂ ನಮ್ಮ ವಾಚಕರಲ್ಲಿ ಇದ್ದಾರೆ. ಬಿಳಿ ಕಪ್ಪು ನಕಲು ಯಂತ್ರಕ್ಕಂತೂ ಬಣ್ಣವೇ ಗೊತ್ತಿಲ್ಲ. ವಿವಾದಿತ ಸೀಮೆಯೆಂಬುದು ಬಣ್ಣವು ಸೋತಾಗಲೂ ಗೆರೆಯಿಂದ ತಿಳಿಯಬೇಕು.

೭. ಪಟವೂ ಒಂದು ದಾಖಲೆ

ಕೆಲಸವು ಮುಗಿದ ಮೇಲೆ ಪರೀಕ್ಷಾ ಪಟಗಳನ್ನು ಕಸದ ಬುಟ್ಟಿಗೆ ಹಾಕುವುದು ರೂಢಿ. ನಾವು ಹಾಗೆ ಮಾಡಲಿಲ್ಲ. ಮೂರು ಪಟಗಳ ಮೇಲೂ ದಿನಾಂಕ, ಕಾಗದದ ಹೆಸರು ಮತ್ತು ತೂಕ, ಯಂತ್ರ, ನೋಡಿದ ಬೆಳಕು, ಆರಿಸಿದ ಮನೆ ಇವನ್ನು ಪೆನ್ಸಿಲಿನಿಂದ ಬರೆದು, ಮಾದರಿಯ ಹಾಳೆಯೊಡನೆ ಒಂದು ಲಕೋಟೆಯಲ್ಲಿಟ್ಟು, ಬೆಳಕು ಬೀಳದಂತೆ ವಿಭಾಗದ ಕಪಾಟಿನಲ್ಲಿ ಇರಿಸಿದ್ದೇವೆ. ಮುಂದೆ ಯಾರಾದರೂ ಈ ನಕ್ಷೆಯನ್ನು ಅಚ್ಚು ಹಾಕಿಸಬೇಕಾದಾಗ ಅವರ ಕಾಗದ ಬೇರೆ, ಯಂತ್ರ ಬೇರೆ ಆಗಿರಬಹುದು. ನಮ್ಮ ಅಂಕಿಗಳು ಅವರಿಗೆ ಹಾಗೆಯೇ ಸಲ್ಲಲಾರವು. ಆದರೆ ಯಾವ ಬಣ್ಣವನ್ನು ನಾವು ಸರಿಯೆಂದೆವು, ಯಾವುದನ್ನು ತಪ್ಪೆಂದು ಬಿಟ್ಟೆವು ಎಂಬುದು ಅವರಿಗೆ ಕಣ್ಣೆದುರಿಗೆ ಕಾಣುವುದು. ಆರಿಸಿದ ಪಾಠದೊಡನೆ ಬಿಟ್ಟ ಪಾಠಾಂತರಗಳನ್ನೂ ಕೊಡುವ ಗ್ರಂಥಸಂಪಾದಕನ ಧರ್ಮವು ಇದಕ್ಕಿಂತ ಬೇರೆಯಲ್ಲ.

ತಿದ್ದಿದ ನಕ್ಷೆಯು ಈಗ ತರಗತಿಯಲ್ಲಿ ತೂಗುತ್ತಿದೆ. ಪ್ರಬಂಧವನ್ನೋದಿದ ವಿದ್ಯಾರ್ಥಿಯು ತನ್ನ ವಾಕ್ಯವನ್ನು ತಾನೇ ಹೊಡೆದುಹಾಕಿ, ಮುದಗಲ್ಲು ಮತ್ತು ರಾಯಚೂರು ಕೋಟೆಗಳು ಯಾವ ಯಾವ ಕಾಲದಲ್ಲಿ ಯಾರ ಕೈಯಲ್ಲಿದ್ದುವೆಂಬುದನ್ನು ಪಟ್ಟಿ ಮಾಡತೊಡಗಿದ್ದಾನೆ. ಅವನನ್ನು ದಾರಿ ತಪ್ಪಿಸಿದುದು ನಮ್ಮ ಹಾಳೆ. ಅದನ್ನು ಸರಿಪಡಿಸಲು ಬೇಕಾದುದು ಮೂರು ಹಾಳೆಗಳು ಮತ್ತು ಎರಡು ದಿನಗಳ ತಾಳ್ಮೆ ಮಾತ್ರ. ಇನ್ನು ಮುಂದೆ ಬಣ್ಣದ ನಕ್ಷೆಯನ್ನು ಅಚ್ಚಿಗೆ ಕಳುಹಿಸುವ ಮಿತ್ರರು ಪರದೆಯನ್ನು ನೋಡಿ ಸಹಿ ಹಾಕದೆ, ತಮ್ಮದೇ ಕಾಗದದ ಮೇಲೆ ಒಂದು ಪಟವನ್ನು ತೆಗೆಸಿ ನೋಡಬೇಕೆಂದು ವಿನಂತಿ.